ರೇಡಾರ್ ಪೆಟ್ಟಿಗೆಯ ಮುಂದೆ ನಡೆದವಳು

ನಮ್ಮ ಯಜಮಾನರು ಎಲ್ಲಿ ಕಳ್ಳ ಹಿಡಿಯೋ ಯಂತ್ರ ಕೂರಿಸಿದರೂ ಅಲ್ಲಿ ಕಳ್ಳ ಸಿಕ್ಕಿದ್ದು ಕಮ್ಮಿ, ಬೇರೆ ಏನೋ ಒಂದು ಸಿಕ್ಕಿಬೀಳ್ತಿದ್ದದ್ದೇ ಜಾಸ್ತಿ. ಇವತ್ತು ಒಂದು ಮನೇಲಿ ಹಿಂಗಾಯ್ತು, ಇನ್ಮೇಲೆ ಆಗಲ್ಲ ಅಂದುಕೊಂಡು ಮಲಗಿದರೆ, ನಾಳೆ ಇನ್ನೊಂದು ಮನೆಯಿಂದ ಕರೆ ಬರೋದು.

ನಾವಾಗ ಮತ್ತಿಕೆರೆಯಲ್ಲಿದ್ದೆವು. ಎಂಬತ್ತರ ದಶಕದ ಮಾತು. ಯಜಮಾನರು ಯಶವಂತಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ರೇಡಾರ್ ಪೆಟ್ಟಿಗೆ ಮಾಡುವ ಕೆಲಸ ಕಲಿತಿದ್ದರು. ಕಾರ್ಖಾನೆ ಮುಚ್ಚಿತು, ಇವರ ಹುಚ್ಚು ಮುಚ್ಚಲಿಲ್ಲ. ಮನೆಯಲ್ಲೇ ಪೆಟ್ಟಿಗೆ ಮಾಡಿ ಮಾರುತ್ತೀನಿ ಅಂತ ಕೂತರು. ಊಟದ ಡಬ್ಬಿಯಷ್ಟು ಪೆಟ್ಟಿಗೆ. ಅದರಿಂದ ಕಣ್ಣಿಗೆ ಕಾಣದ ಅಲೆ ಹೊರಡುತ್ತಂತೆ. ಎದುರಿಗೆ ಮನುಷ್ಯ ಅಲ್ಲಾಡಿದರೆ ಆ ಅಲೆ ಬೇರೆ ಥರ ವಾಪಸ್ ಬರುತ್ತಂತೆ, ಆಗ ಗಂಟೆ ಹೊಡೆಯುತ್ತೆ. ಹಂಡೆ ನೀರಲ್ಲಿ ಬೆರಳಾಡಿಸಿದರೆ ಅಂಚಿನವರೆಗೂ ಗೊತ್ತಾಗಲ್ವಾ, ಹಾಗೆ ಅಂತ ನಾನು ಅರ್ಥ ಮಾಡಿಕೊಂಡಿದ್ದೆ. ಶಾಲೆ ಮೆಟ್ಟಿಲು ಹತ್ತದವಳಿಗೆ ಅಷ್ಟು ಸಾಕಾಗಿತ್ತು.

ಆದರೆ ನಮ್ಮ ಭಾವನವರಿಗೆ ಸಾಕಾಗಲಿಲ್ಲ. ಭಾವ ಅಂದರೆ ಯಜಮಾನರ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಜೊತೆಯಲ್ಲೇ ಇದ್ದರು. ಊರೊಳಗೆ ಅವರದ್ದು ಹಿಟ್ಟಿನ ಗಿರಣಿ. ಒಂದು ದಿನ ತಮ್ಮನನ್ನು ಕೂರಿಸಿಕೊಂಡು ಹೇಳಿಬಿಟ್ಟರು: "ನೋಡ್ಲಾ, ಯುಗಾದಿ ತನಕ ಟೈಮು. ಅಷ್ಟರೊಳಗೆ ಒಂದು ದೊಡ್ಡ ಗಿರಾಕಿ ಸಿಕ್ಕಿದ್ರೆ ನಿನ್ನ ಡಬ್ಬ ನೀನು ಮಾಡ್ಕೋ. ಇಲ್ದಿದ್ರೆ ಬಂದು ಗಿರಣೀಲಿ ಕೂತ್ಕೋ."

ನಮ್ಮವರಿಗೆ ಗಿರಣಿ ಅಂದರೆ ಪ್ರಾಣಸಂಕಟ. ಹಿಟ್ಟಿನ ಗಾಳಿ ಮೂಗಿಗೆ ತಾಗಿದರೆ ಒಂದೇ ಉಸಿರಿಗೆ ಹನ್ನೆರಡು ಸೀನು. ಹದಿಮೂರನೆಯದಕ್ಕೆ ಅಳು.

ಕಳ್ಳನ ಹಾಗೆ ನಡಿ

ಪೆಟ್ಟಿಗೆ ಗೋಡೆಗೆ ಹೊಡೆದ ಮೇಲೆ ಅದರ ಮುಂದೆ ಯಾರಾದರೂ ನಡೆದು ತೋರಿಸಬೇಕು. ಅವರು ಸ್ಟೂಲಿನ ಮೇಲೆ ನಿಂತು ಸಣ್ಣ ತಿರುಪು ತಿರುಗಿಸಬೇಕು. ಎಷ್ಟು ದೂರದಲ್ಲಿ ಗಂಟೆ ಹೊಡೆಯುತ್ತೆ, ಎಲ್ಲಿ ನಿಲ್ಲುತ್ತೆ ಅಂತ ನೋಡಬೇಕು. ಆ ನಡೆಯುವ ಕೆಲಸ ನನ್ನದು. ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಸೆರಗು ಸಿಕ್ಕಿಸಿ ಅವರ ಹಿಂದೆ ಹೊರಟರೆ, ದಿನಕ್ಕೆ ಅರ್ಧ ತಿರುಪತಿ ಬೆಟ್ಟ ಹತ್ತಿದಷ್ಟು ನಡೆಯುತ್ತಿದ್ದೆ.

ಆರ್.ಟಿ. ನಗರದಲ್ಲಿ ಮೊದಲನೇ ಮನೆ. ಇವರು ಸ್ಟೂಲಿನ ಮೇಲಿಂದ ಕೂಗೋದು, ನಾನು ನಡೆಯೋದು.

"ನೆಟ್ಟಗೆ ಬಾ. ಹಿಂದಕ್ಕೆ ಹೋಗು. ಪಕ್ಕಕ್ಕೆ ಹೋಗು. ಈಗ ಬಗ್ಗಿಕೊಂಡು ಬಾ. ಈಗ ಕಳ್ಳನ ಹಾಗೆ ಬಾ."

"ಕಳ್ಳ ಹೆಂಗೆ ಬರ್ತಾನೋ ನನಗೇನ್ರೀ ಗೊತ್ತು?"

"ಅಣ್ಣ ಹಾಲ್‌ನಲ್ಲಿ ಕೂತಿದ್ದಾಗ ನೀನು ಹಿತ್ತಲಿಗೆ ಹೋಗ್ತೀಯಲ್ಲ, ಹಂಗೆ."

ಅದು ನಿಜವೇ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲೋ ಹಾಗಿಲ್ಲ, ಮಾತಾಡೋ ಹಾಗಂತೂ ಇಲ್ಲವೇ ಇಲ್ಲ. ಮದುವೆಯಾಗಿ ಒಂಬತ್ತು ವರ್ಷ ನಾನು ಭಾವನನ್ನು ನೋಡಿದ್ದು ಅಡುಗೆಮನೆ ಬಾಗಿಲ ಸಂದಿಯಿಂದ. ಏನಾದರೂ ಹೇಳಬೇಕಾದರೆ ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೆ. ಮಕ್ಕಳು ಇಲ್ಲದಿದ್ದರೆ ಮನೆ ಬೆಕ್ಕಿಗೆ ಹೇಳುತ್ತಿದ್ದೆ. "ಬೆಕ್ಕೇ, ಮುದ್ದೆ ಆರಿಹೋಗ್ತದೆ, ಊಟಕ್ಕೆ ಏಳಬೇಕಂತೆ" ಅಂದರೆ ಹಾಲ್‌ನಲ್ಲಿ ಭಾವ ಏಳುತ್ತಿದ್ದರು. ಬೆಕ್ಕೂ ಏಳುತ್ತಿತ್ತು.

ಸರಿ, ಆವತ್ತು ಸೆರಗು ಎಳೆದುಕೊಂಡು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಒಂದು ಗಂಟೆ ನಡೆದೆ. ಆ ಮನೆಯ ಹೆಂಗಸು ನೋಡುವಷ್ಟು ನೋಡಿದಳು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು ಒಂದು ಲೋಟ ಮಜ್ಜಿಗೆ ಕೊಟ್ಟು, ಕಿವಿಯಲ್ಲಿ ಕೇಳಿದಳು: "ನಿಮ್ಮ ತೌರಿನ ವಿಳಾಸ ಹೇಳಿ ತಾಯಿ, ನಾನೇ ಕಾಗದ ಹಾಕ್ತೀನಿ."

ಮಡಿ ಬ್ಯಾಟರಿ

ಪೆಟ್ಟಿಗೆ ಇದ್ದರೆ ಸಾಲದು, ಅದಕ್ಕೆ ಕರೆಂಟು ಬೇಕು. ಆಗಿನ ಕರೆಂಟು ಬೇಸಗೆಯಲ್ಲಿ ನೆಂಟರ ಹಾಗೆ, ಬಂದರೆ ಬಂತು. ಅದಕ್ಕೇ ಜೊತೆಗೊಂದು ಕಾರಿನ ಬ್ಯಾಟರಿ. ಅದಕ್ಕೆ ಆಗಾಗ ಬಟ್ಟಿ ಇಳಿಸಿದ ನೀರು ತುಂಬಬೇಕು.

ಯಲಹಂಕದ ಹಳೇ ಬೀದಿಯಲ್ಲಿ ಒಂದು ಮನೆ. ಬೆಳ್ಳಿ ಪೂಜಾ ಸಾಮಾನು ಬೇಕಾದಷ್ಟು ಇತ್ತು, ಅದಕ್ಕೇ ದೇವರಮನೆ ಕಾಯಲು ಪೆಟ್ಟಿಗೆ ಹಾಕಿಸಿದ್ದರು. ಆ ಮನೆಯ ಅಜ್ಜಿಗೆ ವಿಪರೀತ ಮಡಿ. ಇವರು ಎಚ್ಚರಿಕೆ ಹೇಳಿದರು: "ಅಮ್ಮಾ, ಇದಕ್ಕೆ ಸಾಮಾನ್ಯ ನೀರು ಹಾಕಬೇಡಿ. ಬಹಳ ಶುದ್ಧವಾದ ನೀರೇ ಆಗಬೇಕು. ಸ್ವಲ್ಪ ಕೊಳೆ ಇದ್ದರೂ ಕೆಟ್ಟುಹೋಗುತ್ತೆ."

"ಶುದ್ಧದ ಮಾತು ನನಗೆ ಹೇಳ್ತೀಯೇನಪ್ಪಾ?" ಅಂದರು ಅಜ್ಜಿ. ಇವರಿಗೆ ನೆಮ್ಮದಿಯಾಯಿತು.

ತಿಂಗಳಾಗಿಲ್ಲ, ಬ್ಯಾಟರಿ ಸತ್ತಿದೆ ಅಂತ ಕರೆ ಬಂತು. ಹೋಗಿ ಮುಚ್ಚಳ ಬಿಚ್ಚಿದರು. ಒಳಗೆ ತುಳಸಿ ದಳ ತೇಲುತ್ತಿತ್ತು.

"ಅಮ್ಮಾ, ಏನು ನೀರು ಹಾಕಿದಿರಿ?"

"ಏನು ನೀರು ಅಂದರೆ? ಬೆಳಗಿನ ಜಾವ ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಾವಿಯಿಂದ ಸೇದಿ, ಮೂರು ಸಲ ಸೋಸಿ, ದೇವರಿಗೆ ಅಭಿಷೇಕ ಮಾಡಿ ಹಾಕಿದ್ದೀನಿ. ಸೊಸೆಗೂ ಮುಟ್ಟಗೊಡಲಿಲ್ಲ."

ಇವರು ತಲೆ ಮೇಲೆ ಕೈ ಹೊತ್ತರು. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುತ್ತಲ್ಲ, ಅದೇ ನೀರು ಬೇಕಿತ್ತು ಅಂತ ಬಿಡಿಸಿ ಹೇಳಿದರು. ಅಜ್ಜಿ ಬ್ಯಾಟರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

"ಅಂಗಡಿ ನೀರು ಕುಡಿಯುತ್ತಾ ಇದು! ಮೊದಲೇ ಹೇಳಬಾರದಾ? ದೇವರಮನೆಯಿಂದ ಆಚೆ ಇಡು!"

ಬೀರುವಿನ ಹಿಂದೆ

ಇದು ಚಿಕ್ಕದು. ಆರ್.ಟಿ. ನಗರದಲ್ಲೇ ಒಬ್ಬ ಆಫೀಸರ್ ಮನೆ. ಪೆಟ್ಟಿಗೆ ಹಾಕಿದ ವಾರಕ್ಕೆ "ನಿಮ್ಮ ಯಂತ್ರ ಕುರುಡು" ಅಂತ ದೂರು. ಹೋದರೆ ಗೋಡೆಯ ಮೇಲೆ ಪೆಟ್ಟಿಗೆಯೇ ಕಾಣಲಿಲ್ಲ. ಅದರ ಮುಂದೆ ಆಳೆತ್ತರದ ಕಬ್ಬಿಣದ ಬೀರು ನಿಂತಿತ್ತು.

"ಸಾರ್, ಇದರ ಅಲೆ ಬಟ್ಟೆ ದಾಟುತ್ತೆ, ತೆಳುವಾದ ಮರ ದಾಟುತ್ತೆ. ಕಬ್ಬಿಣ ಮಾತ್ರ ದಾಟಲ್ಲ. ಬೀರು ಯಾಕೆ ಇಲ್ಲಿಟ್ರಿ?"

ಆಫೀಸರ್ ಇವರನ್ನೇ ದಡ್ಡ ಅನ್ನುವ ಹಾಗೆ ನೋಡಿದರು. "ಇಷ್ಟು ಬೆಲೆ ಬಾಳೋ ಯಂತ್ರ ಕಣ್ರೀ. ಬಯಲಲ್ಲಿ ಬಿಟ್ರೆ ಕಳ್ಳ ಹೊತ್ಕೊಂಡು ಹೋಗಲ್ವಾ?"

ಕಾವಲಿಗೆ ನಿಂತ ಕೋಳಿ

ಹೆಬ್ಬಾಳದಲ್ಲಿ ಹಿಂಡಿ, ಬೂಸಾ ಇಡುವ ಒಂದು ಗೋದಾಮು. ಅದರ ಮಾಲೀಕನಿಗೆ ಕಳ್ಳನ ಭಯ ಇರಲಿಲ್ಲ, ಕಾವಲುಗಾರನ ಮೇಲೆ ಅನುಮಾನ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಅವನು ಮೂಟೆಗಳ ಮಧ್ಯೆ ಮಲಗುತ್ತಾನೆ ಅಂತ. ಗಂಟೆ ಬದಲು ಒಂದು ಬಲ್ಬು ಹಾಕಿಸಿಕೊಂಡ. ರಸ್ತೆಯ ಈಚೆ ತನ್ನ ಕೋಣೆಯವರೆಗೂ ತಂತಿ ಎಳೆಸಿದ. ಕಾವಲುಗಾರ ಓಡಾಡುತ್ತಿದ್ದರೆ ಬಲ್ಬು ಹೊತ್ತಿಕೊಳ್ಳುತ್ತೆ, ಮಲಗಿದರೆ ಆರುತ್ತೆ.

ಮಾಲೀಕ ಜಿಪುಣ. ಅಷ್ಟು ದೂರಕ್ಕೆ ದಪ್ಪ ತಂತಿ ಬೇಕು ಅಂದರೆ ಕೇಳಲಿಲ್ಲ, ಕೂದಲೆಳೆಯಂಥ ತಂತಿ ತಂದ. ಅರ್ಧ ಕರೆಂಟು ದಾರಿಯಲ್ಲೇ ಸೋತುಹೋಗುತ್ತಿತ್ತು. ಬಲ್ಬು ಹೊತ್ತಿದೆಯೋ ಇಲ್ಲವೋ ನೋಡಲು ಆ ಮನುಷ್ಯ ಬಲ್ಬಿನ ಸಮೇತ ತಲೆಗೆ ಟವೆಲ್ ಮುಸುಕು ಹಾಕಿಕೊಳ್ಳಬೇಕು. ಬಂದ ಗಿರಾಕಿಗಳು ಸಾಹುಕಾರರಿಗೆ ನೆಗಡಿ ಅಂತ ತಿರುಗಿ ಹೋಗೋರು.

ಆದರೂ ಖುಷಿಯೋ ಖುಷಿ. "ಏನ್ ನಿಯತ್ತು ಗುರೂ ಅವನದ್ದು! ಊಟ ಆದಾಗಿನಿಂದ ಸಂಜೆ ತನಕ ಕೂರೋದೇ ಇಲ್ಲ, ಓಡಾಡ್ತಾನೇ ಇರ್ತಾನೆ. ನಾನು ಪಾಪಿ, ಅನುಮಾನ ಪಟ್ಟೆ" ಅಂತ ಇವರ ಮುಂದೆ ಕೆನ್ನೆಗೆ ಹೊಡೆದುಕೊಂಡಿದ್ದ.

ಒಂದು ಮಧ್ಯಾಹ್ನ ನಾವು ಬ್ಯಾಟರಿ ನೋಡಲು ಹೋದಾಗ ಮುಸುಕಿನೊಳಗಿಂದ ಕಿರುಚಿದ. "ಬಲ್ಬು ಆರಿದೆ! ಹತ್ತು ನಿಮಿಷ ಆಯ್ತು! ಬಿಡುವಿಲ್ದೆ ನಡೆದು ನಡೆದು ಅವನ ಎದೆ ಒಡೀತು ಕಣ್ರೀ!" ಟವೆಲ್ ತಲೆ ಮೇಲಿದ್ದ ಹಾಗೇ ರಸ್ತೆ ದಾಟಿ ಓಡಿದ. ನಾವೂ ಓಡಿದೆವು.

ಒಳಗೆ ಕಾವಲುಗಾರ ಹಿಂಡಿ ಮೂಟೆಯ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಪೆಟ್ಟಿಗೆಯ ಎದುರಿಗೆ ಒಂದು ಗೂಟ, ಗೂಟಕ್ಕೆ ದಾರ, ದಾರದ ತುದಿಗೆ ಒಂದು ನಾಟಿ ಕೋಳಿ. ಇಷ್ಟು ದಿನ ಬೂಸಾ ಕೆದರುತ್ತಾ ಪಾಳಿ ಮಾಡಿದ್ದು ಅದೇ. ಆವತ್ತು ಮೊಟ್ಟೆಯಿಟ್ಟು, ಅದರ ಮೇಲೆ ಅಲುಗಾಡದೆ ಕೂತುಬಿಟ್ಟಿತ್ತು.

ಮಾಲೀಕ ಕಾವಲುಗಾರನ ಮೊಣಕಾಲಿಗೆ ತಟ್ಟಿ ಎಬ್ಬಿಸಿದ. ಅವನು ಎದ್ದು ಕೂತ. ಮಾಲೀಕನನ್ನು ನೋಡಿದ, ನಮ್ಮನ್ನು ನೋಡಿದ, ಆಮೇಲೆ ಕೋಳಿ ನೋಡಿದ.

"ಥೂ, ಕೆಲಸಗಳ್ಳಿ!" ಅಂದ.

ಭಾನುವಾರದ ಬೆಳಿಗ್ಗೆ

ಹೆಸರಘಟ್ಟದ ಹಾಲಿನ ಡೈರಿಯವರೊಬ್ಬರು ಬಂದು ರೇಗಾಡಿದರು: "ಭಾನುವಾರ ನಮ್ಮ ಮನೇಲಿ ಐವತ್ತು ಜನ ಬಂದು ಕೂತಿದ್ರು ಸ್ವಾಮಿ. ಮಕ್ಕಳು ಕುಣಿದಾಡ್ತಿದ್ವು. ನಿಮ್ಮ ಪೆಟ್ಟಿಗೆ ಕಮಕ್ ಕಿಮಕ್ ಅನ್ನಲಿಲ್ಲ. ಐವತ್ತು ಜನ ಕಾಣದ್ದಕ್ಕೆ ಒಬ್ಬ ಕಳ್ಳ ಕಾಣ್ತಾನಾ?"

"ಅಷ್ಟೊಂದು ಜನ ಯಾಕೆ ಬಂದಿದ್ರು?"

"ಟೀವೀಲಿ ದೇವರ ಕಥೆ ಬರುತ್ತಲ್ಲ, ಅದಕ್ಕೆ."

"ಕರೆಂಟ್ ಇತ್ತಾ?"

"ಎಲ್ಲಿ ಕರೆಂಟು? ಅದಕ್ಕೇ ನಿಮ್ಮ ಪೆಟ್ಟಿಗೆ ಬ್ಯಾಟರಿ ಕಿತ್ತು ಟೀವಿಗೆ ಹಾಕಿದ್ವಿ" ಅಂದರು. ಹೇಳಿ ಮುಗಿಸಿದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ.

ಬಾಗಿಲ ಹಿಂದೆ

ಹೀಗೆ ಒಂದೊಂದು ಮನೆ, ಒಂದೊಂದು ಗೋದಾಮು ಅಂತ ತಿರುಗುವುದರಲ್ಲೇ ಯುಗಾದಿ ಹತ್ತಿರ ಬಂತು. ದೊಡ್ಡ ಗಿರಾಕಿ ಇಲ್ಲ. ಭಾವ ಗಿರಣಿಯಲ್ಲಿ ತಮ್ಮನಿಗೆ ಅಂತ ಒಂದು ಕುರ್ಚಿಯನ್ನೂ ತಂದಿಟ್ಟರು. ಇವರು ಬೀದಿಯಲ್ಲಿ ಆ ಕಡೆ ಹಾದುಹೋಗುವಾಗ ಕುರ್ಚಿ ನೋಡಿಯೇ ಒಂದು ಸೀನು ಸೀನಿ ಬರುತ್ತಿದ್ದರು.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಯಲಹಂಕದ ರೇಷ್ಮೆ ಸಾಹುಕಾರರೊಬ್ಬರು ತಾವಾಗಿಯೇ ನಮ್ಮ ಮನೆಗೆ ಬಂದರು. ಅವರಿಗೆ ಎಂಟು ಗೋದಾಮು. ಪೆಟ್ಟಿಗೆ ಕೆಲಸ ಮಾಡಿದ್ದು ಕಣ್ಣಾರೆ ಕಂಡರೆ ಎಂಟಕ್ಕೂ ಹಾಕಿಸುತ್ತೀನಿ ಅಂದರು. ಭಾವ ಗಿರಣಿ ಬಿಟ್ಟು ಬಂದು, ಮೈಯೆಲ್ಲಾ ಹಿಟ್ಟಾಗಿದ್ದ ಹಾಗೇ ಹಾಲ್‌ನಲ್ಲಿ ಕೂತರು. ಭಾವ ಕೂತಿದ್ದಾರೆ ಅಂದ ಮೇಲೆ ನಾನು ಹಾಲ್‌ಗೆ ಬರೋ ಹಾಗಿಲ್ಲ. ಕಾಫಿ ಲೋಟ ಬಾಗಿಲ ಸಂದಿಯಿಂದ ಇವರ ಕೈಗೆ ಕೊಟ್ಟು, ಅಡುಗೆಮನೆ ಬಾಗಿಲು ಮುಚ್ಚಿ, ಅದರ ಹಿಂದೆ ನಿಂತೆ. ಒಂಬತ್ತು ವರ್ಷದಿಂದ ನಿಂತಿದ್ದ ಜಾಗವೇ.

ಇವರು ಬೀದಿ ಬಾಗಿಲ ಮೇಲೆ ಪೆಟ್ಟಿಗೆ ಕಟ್ಟಿ, ಮುಖ ಅಡುಗೆಮನೆಯ ಕಡೆಗೆ ತಿರುಗಿಸಿದರು. ಸಾಹುಕಾರರೂ ಭಾವನೂ ಅದರ ಕೆಳಗೆ ಗೋಡೆಗೊರಗಿ ಕೂತರು.

"ಈಗ ನೋಡಿ ಸ್ವಾಮಿ, ಪೆಟ್ಟಿಗೆ ಎದುರಿಗೆ ಯಾರೂ ಇಲ್ಲ. ಗಂಟೆ ಹೊಡೆಯಲ್ಲ. ಆಮೇಲೆ ನಾನು ನಡೀತೀನಿ, ಆಗ ಹೊಡೆಯುತ್ತೆ" ಅಂತ ಇವರು ಸ್ವಿಚ್ ಹಾಕಿದರು.

ಟ್ರಿಣ್ ಅಂತ ಹೊಡೆದೇಬಿಟ್ಟಿತು.

ಸಾಹುಕಾರರು ಎದುರಿಗಿದ್ದ ಖಾಲಿ ಜಾಗ ನೋಡಿದರು. ಇವರು ಸ್ಟೂಲು ಹತ್ತಿ ತಿರುಪು ತಿರುಗಿಸಿದರು. ಒಂದು ಗಳಿಗೆ ಸುಮ್ಮನಿತ್ತು, ಮತ್ತೆ ಟ್ರಿಣ್.

ಭಾವ ನಕ್ಕರು. "ಏನ್ಲಾ ಇದು, ಡಬ್ಬಕ್ಕೆ ಗಾಳಿ ಸೋಕೈತೇನ್ಲಾ?" ಅಂದರು. ಆಮೇಲೆ ಸಾಹುಕಾರರ ಕಡೆ ತಿರುಗಿ, "ಸ್ವಾಮಿ, ಇವನಿಗೂ ಕೆಲಸ ಇಲ್ಲ, ಇವನ ಎಂಡ್ರಿಗೂ ಕೆಲಸ ಇಲ್ಲ. ಮನೇಲಿ ಒಂದು ಮುದ್ದೆ ನೆಟ್ಟಗೆ ಕಟ್ಟಕ್ಕೆ ಬರಲ್ಲ, ಊರೂರು ಸುತ್ತಿ ಕಂಡೋರ ಮನೇಲಿ ನಡೆದಾಡ್ತಾಳೆ" ಅಂದರು.

ನನಗೆ ಮೈ ಉರಿಯಿತು. ಸೆರಗು ಕಿತ್ತು ಸೊಂಟಕ್ಕೆ ಸಿಕ್ಕಿಸಿದೆ. ಟ್ರಿಣ್ ಟ್ರಿಣ್ ಟ್ರಿಣ್!

ಆಗ ಇವರ ಕೈ ತಿರುಪಿನ ಮೇಲೆ ನಿಂತಿತು. ಸ್ಟೂಲಿನ ಮೇಲಿಂದ ಅಡುಗೆಮನೆ ಬಾಗಿಲನ್ನೇ ನೋಡಿದರು. ತೆಳುವಾದ ಮರದ ಬಾಗಿಲು. ಅವರಿಗೆ ಗೊತ್ತಾಯಿತು. ಅವರು ನೋಡಿದ ರೀತಿಯಲ್ಲಿ ನನಗೂ ಗೊತ್ತಾಯಿತು, ಕಲ್ಲಾಗಿ ನಿಂತುಬಿಟ್ಟೆ. ಗಂಟೆ ನಿಂತಿತು.

ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಬಾಗಿಲ ಹಿಂದೆ ನನ್ನ ಹೆಂಡತಿ ಇದ್ದಾಳೆ ಅಂತ. ಹೇಳಲಿಲ್ಲ. ಹೆಂಡತಿ ಕದ್ದು ಕೇಳುತ್ತಾಳೆ ಅಂತ ಹೊರಗಿನವರ ಮುಂದೆ, ಅಣ್ಣನ ಮುಂದೆ ಹೆಂಗೆ ಹೇಳ್ತಾರೆ? ಸ್ಟೂಲಿನಿಂದ ಇಳಿದು, "ಎಲ್ಲೋ ತಂತಿ ಸಡಿಲ ಆಗಿರಬೇಕು ಸ್ವಾಮಿ" ಅಂದರು. ಸಾಹುಕಾರರು ಛತ್ರಿ ಎತ್ತಿಕೊಂಡು ಎದ್ದರು. ಭಾವ ತಮ್ಮನ ಭುಜ ತಟ್ಟಿದರು. ಕೈಯಿಂದ ಹಿಟ್ಟು ಹಾರಿತು. ಇವರು ಸೀನಿದರು.

ಆ ಸೀನು ನನ್ನ ಕೈಯಲ್ಲಿ ತಡೆಯಲಾಗಲಿಲ್ಲ.

ಬಾಗಿಲು ತಳ್ಳಿ ಹೊರಗೆ ಬಂದೆ. ಹಾಲ್ ನಡುವಿನವರೆಗೂ ನೆಟ್ಟಗೆ ನಡೆದೆ. ಗಂಟೆ ಊರಿಗೆಲ್ಲಾ ಕೇಳುವ ಹಾಗೆ ಹೊಡೆಯಿತು. ಭಾವನ ಮುಖ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆಕ್ಕು ಅಲ್ಲೇ ಇತ್ತು, ಆದರೂ ಬೆಕ್ಕಿಗೆ ಹೇಳಲಿಲ್ಲ.

"ಭಾವ, ಯಂತ್ರ ಸರಿಯಾಗೇ ಐತೆ. ಬಾಗಿಲ ಹಿಂದೆ ನಾನಿದ್ದೆ."

ಅಷ್ಟು ಹೇಳಿ ಹೆದರಿ ಅಲ್ಲಾಡದೆ ನಿಂತೆ. ಗಂಟೆಯೂ ಬಾಯಿ ಮುಚ್ಚಿತು.

ಮೊದಲು ಉಸಿರು ಬಿಟ್ಟವರು ಸಾಹುಕಾರರು. "ಮುಚ್ಚಿದ ಬಾಗಿಲ ಆಚೆ ಇರೋರನ್ನೂ ಹಿಡೀತಾ?" ಅಂದರು. "ತಾಯೀ, ಇನ್ನೊಂದು ಸಲ ಒಳಗೆ ಹೋಗಿ ಕೈ ಎತ್ತಿ ನೋಡೋಣ." ಹೋದೆ. ಎತ್ತಿದೆ. ಹೊಡೆಯಿತು. ಸುಮ್ಮನೆ ನಿಂತೆ. ನಿಂತಿತು. ಸಾಹುಕಾರರು ಐದು ಸಲ ಆಡಿಸಿ ನೋಡಿ, ಛತ್ರಿ ಮೂಲೆಗಿಟ್ಟು, "ಎಂಟಕ್ಕೂ ಹಾಕಿ. ನಡೆದು ತೋರಿಸೋಕೆ ಈ ತಾಯಿನೇ ಬರಬೇಕು" ಅಂದರು. ಇವರು ಸ್ಟೂಲನ್ನೇ ತಬ್ಬಿಕೊಂಡಿದ್ದರು.

ಸಾಹುಕಾರರು ಹೋದ ಮೇಲೂ ಭಾವ ಕೂತೇ ಇದ್ದರು. ಏನೋ ಲೆಕ್ಕ ಹಾಕುತ್ತಿದ್ದ ಹಾಗಿತ್ತು. ಕೊನೆಗೆ ಮೆಲ್ಲಗೆ ಬಾಗಿಲ ಕಡೆ ತಿರುಗಿ ಕೇಳಿದರು: "ಅಂಗಾದ್ರೆ... ಇಷ್ಟು ವರ್ಷ... ನೀನು ಅಲ್ಲೇ ನಿಂತಿರ್ತಿದ್ಯಾ?"

"ಹೌದು ಭಾವ."

"ಎಲ್ಲಾ ಕೇಳಿಸ್ತಿತ್ತಾ?"

"ನನ್ನ ಮುದ್ದೇಲಿ ಗೋಡೆ ಕಟ್ಟಬೋದು ಅಂದಿದ್ದೂ ಕೇಳಿಸ್ತು. ನಮ್ಮಪ್ಪ ಕೊಟ್ಟ ಮಂಚ ಎತ್ತಿನಗಾಡಿ ಥರ ಕಿರುಗುಟ್ಟುತ್ತೆ ಅಂದಿದ್ದೂ ಕೇಳಿಸ್ತು."

ಭಾವ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಮೇಲೆ ತಮ್ಮನಿಗೆ ಹೇಳಿದರು: "ಲೇ, ಯಲಹಂಕಕ್ಕೆ ನಾಳೆ ಹೋಗೋವಂತೆ. ಮೊದಲು ಆ ಡಬ್ಬಾನ ಇಲ್ಲೇ, ಅಡುಗೆಮನೆ ಬಾಗಿಲಿಗೆ ತಿರುಗಿಸಿ, ಭದ್ರವಾಗಿ ಮೊಳೆ ಹೊಡಿ."

ಹೊಡೆದರು. ಆ ಪೆಟ್ಟಿಗೆ ಭಾವ ಇರೋ ತನಕ ಅಲ್ಲೇ ಇತ್ತು. ಊಟದ ಹೊತ್ತಿಗೆ ಟ್ರಿಣ್ ಅಂದರೆ ಸಾಕು, ಭಾವ ಕೆಮ್ಮಿ ಗಂಟಲು ಸರಿಮಾಡಿಕೊಂಡು ಬಾಗಿಲಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು: "ಇವತ್ತಿನ ಮುದ್ದೆ ಬೆಣ್ಣೆ ಕಣ್ಲಾ, ಬೆಣ್ಣೆ! ಇಂಥಾ ಕೈ ಈ ಊರಲ್ಲೇ ಇಲ್ಲ!"

ನಾನು ಅಷ್ಟು ಹೊತ್ತಿಗೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿರುತ್ತಿದ್ದೆ. ಬಾಗಿಲ ಹಿಂದೆ ಓಡಾಡುತ್ತಿದ್ದದ್ದು ಬೆಕ್ಕು.